ಹಲ್ಲಿಗೆ ಕಟ್ಟಿದ ಕಲ್ಲು

ಬಾಯಿಯ ಆರೋಗ್ಯದ ಬಗ್ಗೆ ಯಾವಾಗ ಚರ್ಚಾ ಕಾರ್ಯಕ್ರಮ ಪ್ರಸಾರವಾದರೂ ವೀಕ್ಷಕರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ. “ಡಾಕ್ಟರ ಹತ್ತಿರ ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವಂತೆ, ನಿಜವೆ?” ವೈದ್ಯರು “ಇಲ್ಲ” ಎನ್ನುತ್ತಾರೆ. ಪ್ರಶ್ನೆ ಕೇಳಿದವರಿಗೆ ಪೂರ್ತಿ ಸಮಾಧಾನವಾಗುವುದಿಲ್ಲ. ಏಕೆಂದರೆ ಅವರ ಮನೆಯಲ್ಲೋ ನೆರೆಮನೆಯಲ್ಲೋ ಒಬ್ಬರು ಹಲ್ಲು ಕ್ಲೀನ್ ಮಾಡಿಸಿಕೊಂಡು ಬಂದ ಮರುದಿನವೇ “ಹಲ್ಲು ಅಲ್ಲಾಡುತ್ತಿದೆ” ಎಂದಿರುತ್ತಾರೆ. ಕಣ್ಣಾರೆ ಕಂಡದ್ದನ್ನು ಸುಳ್ಳೆನ್ನುವುದು ಹೇಗೆ?

ಅವರು ಕಂಡದ್ದು ಸುಳ್ಳಲ್ಲ. ಕಂಡದ್ದಕ್ಕೆ ಅವರು ಕೊಟ್ಟುಕೊಂಡ ಕಾರಣ ಮಾತ್ರ ತಪ್ಪು. ಇದನ್ನು ಅರಿಯಬೇಕಾದರೆ ಹಲ್ಲಿನ ಮೇಲೆ ಕಟ್ಟುವ ಆ ಗಟ್ಟಿ ವಸ್ತು ಯಾವುದು, ಅದು ಎಲ್ಲಿಂದ ಬರುತ್ತದೆ, ಏನು ಮಾಡುತ್ತದೆ ಎಂಬುದನ್ನು ಮೊದಲಿನಿಂದ ನೋಡಬೇಕು. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಉತ್ತರವನ್ನಷ್ಟೇ ಹೇಳಲು ಸಮಯವಿರುತ್ತದೆ. ಉತ್ತರದ ಹಿಂದಿರುವ ವಿಜ್ಞಾನವನ್ನು ಇಲ್ಲಿ ಓದಿ.

ಪಾಚಿ ಬೇರೆ, ಕಿಟ್ಟ ಬೇರೆ

ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆ ಆಡಿಸಿ ನೋಡಿ. ಏನೋ ಲೋಳೆಯಂತಹ ಪದರ ತಗಲುತ್ತದೆ. ಇದನ್ನು ನಾವು ಹಲ್ಲಿನ ಪಾಚಿ ಎನ್ನುತ್ತೇವೆ. ವೈದ್ಯರು ಪ್ಲಾಕ್ ಎನ್ನುತ್ತಾರೆ. ಇದು ಮೆತ್ತಗಿರುತ್ತದೆ, ಬ್ರಷ್ಷಿಗೆ ಬಿಟ್ಟುಹೋಗುತ್ತದೆ. ಹಾಗೆಯೇ ಬಿಟ್ಟರೆ ಕೆಲವು ದಿನಗಳಲ್ಲಿ ಗಟ್ಟಿಯಾಗಿ ಕಲ್ಲಾಗುತ್ತದೆ. ಹಳದಿ ಅಥವಾ ಕಂದು ಬಣ್ಣದ, ಬ್ರಷ್ಷಿಗೂ ಉಗುರಿಗೂ ಜಗ್ಗದ ಈ ವಸ್ತುವೇ ಕಿಟ್ಟ. ಟಾರ್ಟರ್ ಎಂಬ ಹೆಸರೂ ಇದೆ. ವೈದ್ಯಶಾಸ್ತ್ರದಲ್ಲಿ ಇದರ ಹೆಸರು ಡೆಂಟಲ್ ಕ್ಯಾಲ್ಕ್ಯುಲಸ್.

ಕ್ಯಾಲ್ಕ್ಯುಲಸ್ ಎಂದೊಡನೆ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಗಣಿತದ ಪುಸ್ತಕ ನೆನಪಾಗಬಹುದು. ಎರಡೂ ಒಂದೇ ಪದ. ಲ್ಯಾಟಿನ್ ಭಾಷೆಯಲ್ಲಿ ಕ್ಯಾಲ್ಕ್ಯುಲಸ್ ಎಂದರೆ ಸಣ್ಣ ಕಲ್ಲು. ಹಿಂದಿನ ಕಾಲದ ರೋಮನರು ಎಣಿಕೆಗೆ ಸಣ್ಣ ಕಲ್ಲುಗಳನ್ನು ಬಳಸುತ್ತಿದ್ದರು. ಅದರಿಂದ ಲೆಕ್ಕಾಚಾರಕ್ಕೆ ಆ ಹೆಸರು ಬಂತು. ಮೂತ್ರಪಿಂಡದಲ್ಲಿ ಆಗುವ ಕಲ್ಲಿಗೂ ಹಲ್ಲಿನ ಮೇಲೆ ಆಗುವ ಕಲ್ಲಿಗೂ ವೈದ್ಯರು ಅದೇ ಹೆಸರನ್ನು ಇಟ್ಟುಕೊಂಡರು.

ಬಟ್ಟೆ ವ್ಯಾಪಾರಿ ಕಂಡ ಜೀವಲೋಕ

ಪಾಚಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರವಾಗಿ ಬರೆದ ಮೊದಲಿಗ ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲೇವನ್‌ಹುಕ್. ಆತ ವೈದ್ಯನಲ್ಲ, ಬಟ್ಟೆ ವ್ಯಾಪಾರಿ. ತಾನೇ ಉಜ್ಜಿ ತಯಾರಿಸಿದ ಪುಟ್ಟ ಮಸೂರಗಳಿಂದ ಕೈಗೆ ಸಿಕ್ಕಿದ್ದನ್ನೆಲ್ಲ ನೋಡುವ ಹುಚ್ಚು ಅವನಿಗೆ. 1683ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ತನ್ನ ಹಲ್ಲುಗಳ ಸಂದಿಯಿಂದ ತೆಗೆದ ಬಿಳಿಯ ವಸ್ತುವಿನ ವಿಷಯ ತಿಳಿಸಿದ. ಅದನ್ನು ಮಳೆನೀರಿನಲ್ಲಿ ಕಲಸಿ ನೋಡಿದಾಗ ಅಸಂಖ್ಯ ಪುಟಾಣಿ ಜೀವಿಗಳು ಓಡಾಡುತ್ತಿದ್ದವು. ಅವನು ದಿನವೂ ಉಪ್ಪಿನಿಂದ ಹಲ್ಲು ತಿಕ್ಕುತ್ತಿದ್ದವನು. ಹಾಗಿದ್ದರೂ ಅವು ಅಲ್ಲಿದ್ದವು. ಎಂದೂ ಹಲ್ಲು ತಿಕ್ಕದ ಒಬ್ಬ ಮುದುಕನ ಬಾಯಿಂದ ತೆಗೆದದ್ದರಲ್ಲಂತೂ ಅವುಗಳ ಸಂತೆಯೇ ನೆರೆದಿತ್ತು.

ಅವನು ಇನ್ನೊಂದು ಸಂಗತಿಯನ್ನೂ ಗುರುತಿಸಿದ. ಈ ಜೀವಿಗಳ ಮೇಲೆ ನೇರವಾಗಿ ವಿನೆಗರ್ ಹಾಕಿದರೆ ಸಾಯುತ್ತವೆ. ಆದರೆ ವಿನೆಗರ್‌ನಿಂದ ಬಾಯಿ ಮುಕ್ಕಳಿಸಿದರೆ ಪಾಚಿಯ ಒಳಗಿರುವವು ಸಾಯುವುದಿಲ್ಲ. ಇದಕ್ಕೆ ಕಾರಣ ತಿಳಿದದ್ದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಬಿಡಿಬಿಡಿಯಾಗಿ ಇರುವುದಿಲ್ಲ. ತಾವೇ ಸ್ರವಿಸಿದ ಅಂಟಿನಲ್ಲಿ ಹುದುಗಿ, ಪದರ ಪದರವಾಗಿ ಬಡಾವಣೆ ಕಟ್ಟಿಕೊಂಡಿರುತ್ತವೆ. ಇಂಥ ಬಡಾವಣೆಗೆ ಬಯೋಫಿಲ್ಮ್ ಎನ್ನುತ್ತಾರೆ. ಔಷಧ ಹೊರಪದರಕ್ಕೆ ತಾಕುತ್ತದೆ, ಒಳಗೆ ಇಳಿಯುವುದು ಕಷ್ಟ. ಬಾಯಿ ಮುಕ್ಕಳಿಸುವ ದ್ರಾವಣ ಬ್ರಷ್ಷಿಗೆ ಬದಲಿಯಾಗದಿರುವುದು ಇದೇ ಕಾರಣಕ್ಕೆ. ಬಡಾವಣೆಯನ್ನು ಉಜ್ಜಿಯೇ ಒಡೆಯಬೇಕು.

ಮನುಷ್ಯರ ಬಾಯಲ್ಲಿ ಇದುವರೆಗೆ ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳನ್ನು ಗುರುತಿಸಲಾಗಿದೆ. ಎಲ್ಲರ ಬಾಯಲ್ಲೂ ಎಲ್ಲವೂ ಇರುವುದಿಲ್ಲ. ಇರುವವುಗಳಲ್ಲೂ ಹೆಚ್ಚಿನವು ನಿರುಪದ್ರವಿಗಳು.

ಜೊಲ್ಲಿನಿಂದ ಕಲ್ಲು

ಇಷ್ಟು ಮೆತ್ತಗಿನ ಪಾಚಿ ಕಲ್ಲಾಗುವುದು ಹೇಗೆ? ಕೊಳವೆಬಾವಿಯ ನೀರನ್ನು ಕಾಯಿಸುವ ಹಂಡೆಯೋ ಪಾತ್ರೆಯೋ ನಿಮ್ಮ ಮನೆಯಲ್ಲಿದ್ದರೆ ಅದರ ಒಳಮೈಯನ್ನು ನೋಡಿ. ಬಿಳಿಯ ಗಟ್ಟಿ ಪೊರೆ ಕಟ್ಟಿರುತ್ತದೆ. ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶ ಹೊರಬಿದ್ದು ಪಾತ್ರೆಗೆ ಹಿಡಿದುಕೊಂಡಿದೆ. ಬಾಯಲ್ಲೂ ಸರಿಸುಮಾರು ಇಂಥದೇ ಕ್ರಿಯೆ ನಡೆಯುತ್ತದೆ. ಅಲ್ಲಿ ನೀರಿನ ಬದಲು ಜೊಲ್ಲು, ಕ್ಯಾಲ್ಸಿಯಂ ಕಾರ್ಬೊನೇಟಿನ ಬದಲು ಕ್ಯಾಲ್ಸಿಯಂ ಫಾಸ್ಫೇಟ್.

ಜೊಲ್ಲಿನಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಬಹುದಾದ ಮಿತಿಗಿಂತ ಹೆಚ್ಚಾಗಿಯೇ ಇರುತ್ತವೆ. ರಸಾಯನಶಾಸ್ತ್ರದಲ್ಲಿ ಇದನ್ನು ಅತಿಪರ್ಯಾಪ್ತ ದ್ರಾವಣ ಎನ್ನುತ್ತೇವೆ. ಇದು ದೇಹದ ತಪ್ಪಲ್ಲ, ವ್ಯವಸ್ಥೆ. ನಾವು ತಿಂದ ಸಿಹಿಯನ್ನು ಬ್ಯಾಕ್ಟೀರಿಯಾಗಳು ಆಮ್ಲವಾಗಿಸಿದಾಗ ಹಲ್ಲಿನ ಹೊರಕವಚವಾದ ಎನಾಮಲ್ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಈ ಕರಗುವಿಕೆ ಶುರುವಾಗುತ್ತದೆ. ಕರಗಿದ ಖನಿಜವನ್ನು ಮತ್ತೆ ತುಂಬಿಕೊಡುವುದು ಜೊಲ್ಲು. ಹಾಗೆ ತುಂಬಿಕೊಡಲು ಅದರ ಕೈಯಲ್ಲಿ ದಾಸ್ತಾನು ಇರಬೇಕು. ದಾಸ್ತಾನು ಕಂಡಕಂಡಲ್ಲಿ ಹೆಪ್ಪುಗಟ್ಟದಂತೆ ತಡೆಯಲು ಜೊಲ್ಲಿನಲ್ಲೇ ಕೆಲವು ಪ್ರೋಟೀನುಗಳಿವೆ. ಅವುಗಳಲ್ಲಿ ಒಂದರ ಹೆಸರು ಸ್ಟಾಥರಿನ್.

ಆದರೆ ಹಲ್ಲಿನ ಮೇಲೆ ಪಾಚಿ ದಪ್ಪವಾಗಿ ಕುಳಿತಿದ್ದರೆ ಲೆಕ್ಕ ತಪ್ಪುತ್ತದೆ. ಪಾಚಿಯ ಒಳಗಿನ ಕೆಲವು ಬ್ಯಾಕ್ಟೀರಿಯಾಗಳು ಜೊಲ್ಲಿನಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಅಲ್ಲಿ ಕ್ಷಾರದ ಅಂಶ ಏರುತ್ತದೆ. ಗ್ರಂಥಿಯಿಂದ ಆಗತಾನೆ ಹೊರಬಂದ ಜೊಲ್ಲಿನಿಂದ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ, ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ಆಗಲೂ ಪಿಎಚ್ ಏರುತ್ತದೆ. ಪಿಎಚ್ ಏರಿದಾಗ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಟ್ಟುತ್ತದೆ. ಹರಳು ಕೂರಲು ಪಾಚಿಯ ಬ್ಯಾಕ್ಟೀರಿಯಾಗಳೇ ಆಸರೆ. ಒಂದೆರಡು ದಿನಗಳಲ್ಲಿ ಆರಂಭವಾಗುವ ಈ ಕ್ರಿಯೆ ಹನ್ನೆರಡು ದಿನಗಳ ಸುಮಾರಿಗೆ ಪಾಚಿಯನ್ನು ಗಟ್ಟಿ ಕಿಟ್ಟವಾಗಿಸುತ್ತದೆ. ಕಿಟ್ಟದ ತೂಕದಲ್ಲಿ ಶೇಕಡ 70ರಿಂದ 80ರಷ್ಟು ಖನಿಜ. ಉಳಿದದ್ದು ಬ್ಯಾಕ್ಟೀರಿಯಾ, ಜೊಲ್ಲಿನ ಪ್ರೋಟೀನು, ನಾವು ತಿಂದ ಆಹಾರದ ಕಣ.

ಕಿಟ್ಟ ಬಾಯಿಯ ಎಲ್ಲ ಕಡೆ ಸಮನಾಗಿ ಕಟ್ಟುವುದಿಲ್ಲ. ಕೆಳಗಿನ ಬಾಚಿಹಲ್ಲುಗಳ ಒಳಬದಿ, ಮೇಲಿನ ದವಡೆ ಹಲ್ಲುಗಳ ಕೆನ್ನೆಯ ಬದಿ, ಈ ಎರಡು ಜಾಗಗಳಲ್ಲಿ ಹೆಚ್ಚು. ಕಾರಣ ಸರಳ. ನಾಲಿಗೆಯ ಕೆಳಗೆ ಮತ್ತು ಕೆನ್ನೆಯ ಒಳಗೆ ಜೊಲ್ಲು ಗ್ರಂಥಿಗಳ ನಾಳಗಳು ಬಂದು ತೆರೆದುಕೊಳ್ಳುವುದು ಅಲ್ಲೇ. ಕನ್ನಡಿಯ ಮುಂದೆ ನಿಂತು ಕೆಳಹಲ್ಲುಗಳ ಒಳಬದಿಯನ್ನು ನೀವೇ ನೋಡಿಕೊಳ್ಳಬಹುದು. ಇದಲ್ಲದೆ ವಸಡಿನ ಕೆಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ ಕಟ್ಟುವ ಕಿಟ್ಟವೂ ಇದೆ. ಅದು ಕಪ್ಪಗೆ, ಇನ್ನೂ ಗಟ್ಟಿಯಾಗಿ ಹಿಡಿದಿರುತ್ತದೆ. ಅದಕ್ಕೆ ಖನಿಜ ಒದಗಿಸುವುದು ಜೊಲ್ಲಲ್ಲ, ವಸಡಿನ ಸಂದಿಯಲ್ಲಿ ಒಸರುವ ದ್ರವ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಂಡೆಯ ಪೊರೆಯನ್ನು ಹುಣಸೆಹಣ್ಣು ಅಥವಾ ನಿಂಬೆಹುಳಿ ಹಾಕಿ ತೆಗೆಯುತ್ತೇವಲ್ಲ, ಹಲ್ಲಿನ ಕಿಟ್ಟವನ್ನೂ ಹಾಗೆಯೇ ತೆಗೆಯಬಾರದೇಕೆ ಎಂದು ಕೇಳುವವರಿದ್ದಾರೆ. ಹಂಡೆ ತಾಮ್ರದ್ದು, ಪೊರೆ ಸುಣ್ಣದ್ದು. ಹುಳಿ ಪೊರೆಯನ್ನು ಕರಗಿಸುತ್ತದೆ, ಹಂಡೆ ಉಳಿಯುತ್ತದೆ. ಆದರೆ ಕಿಟ್ಟ ಮತ್ತು ಎನಾಮಲ್ ಎರಡರಲ್ಲೂ ಇರುವುದು ಕ್ಯಾಲ್ಸಿಯಂ ಫಾಸ್ಫೇಟೇ. ಕಿಟ್ಟವನ್ನು ಕರಗಿಸುವ ಹುಳಿ ಹಲ್ಲನ್ನೂ ಕರಗಿಸುತ್ತದೆ. ನಿಂಬೆರಸ ಹಚ್ಚಿ ಉಜ್ಜುವ ಮನೆಮದ್ದಿನಿಂದ ಹಲ್ಲು ಬೆಳ್ಳಗಾದಂತೆ ಕಂಡರೆ ಅದು ಹಲ್ಲಿನ ಮೇಲ್ಮೈ ಸವೆದ ಬಿಳುಪು.

ಹಲ್ಲುಜ್ಜುವುದನ್ನು ಬಿಟ್ಟ ಹನ್ನೆರಡು ಮಂದಿ

ಪಾಚಿಗೂ ವಸಡಿನ ರೋಗಕ್ಕೂ ಸಂಬಂಧವಿದೆ ಎಂದು ವೈದ್ಯರು ಬಹಳ ಕಾಲದಿಂದ ಹೇಳುತ್ತಿದ್ದರು. ಆದರೆ ಹೇಳುವುದು ಬೇರೆ, ತೋರಿಸುವುದು ಬೇರೆ. ಕೊಳಕು ಬಾಯಿ ಇರುವವರಲ್ಲಿ ವಸಡಿನ ರೋಗ ಹೆಚ್ಚು ಎಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ. ಎರಡಕ್ಕೂ ಮೂರನೆಯ ಕಾರಣವಿರಬಹುದು.

1965ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹ್ಯಾರಾಲ್ಡ್ ಲೋ ಮತ್ತು ಅವರ ಸಹೋದ್ಯೋಗಿಗಳು ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಾದ ವಸಡುಳ್ಳ ಹನ್ನೆರಡು ಮಂದಿಗೆ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಲು ಹೇಳಲಾಯಿತು. ಹತ್ತರಿಂದ ಇಪ್ಪತ್ತೊಂದು ದಿನಗಳ ಒಳಗೆ ಹನ್ನೆರಡು ಮಂದಿಗೂ ವಸಡು ಕೆಂಪಾಗಿ ಊದಿಕೊಂಡಿತು. ಈ ಅವಧಿಯಲ್ಲಿ ಪಾಚಿಯ ಬ್ಯಾಕ್ಟೀರಿಯಾಗಳೂ ಬದಲಾದವು. ಮೊದಲು ದುಂಡಗಿನವು, ನಂತರ ಎಳೆಗಳಂತೆ ಉದ್ದನೆಯವು, ಕೊನೆಗೆ ಸುರುಳಿಯಾಕಾರದವು ಬಂದು ಸೇರಿದವು. ಆಮೇಲೆ ಹಲ್ಲುಜ್ಜಲು ಶುರುಮಾಡಿಸಿದರು. ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು.

ವಿಜ್ಞಾನದ ವಿದ್ಯಾರ್ಥಿಗಳು ಈ ಪ್ರಯೋಗದ ಕಟ್ಟಡವನ್ನು ಗಮನಿಸಬೇಕು. ಕಾರಣವನ್ನು ಸೇರಿಸಿದಾಗ ರೋಗ ಬಂತು, ಕಾರಣವನ್ನು ತೆಗೆದಾಗ ರೋಗ ಹೋಯಿತು. ಪ್ರತಿಯೊಬ್ಬ ವ್ಯಕ್ತಿಯೂ ತನಗೆ ತಾನೇ ಹೋಲಿಕೆ. ಇಷ್ಟಾದ ಮೇಲೆ ಪಾಚಿಯೇ ವಸಡಿನ ಉರಿಯೂತಕ್ಕೆ ಕಾರಣ ಎನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ. ವಸಡಿನ ಈ ಮೊದಲ ಹಂತದ ಉರಿಯೂತಕ್ಕೆ ಜಿಂಜಿವೈಟಿಸ್ ಎಂದು ಹೆಸರು. ಹಲ್ಲುಜ್ಜುವಾಗ ರಕ್ತ ಬರುವುದು ಇದರ ಮುಖ್ಯ ಗುರುತು. ನೋವಿರುವುದಿಲ್ಲ.

ಚಹಾ ತೋಟದ ಹದಿನೈದು ವರ್ಷ

ಜಿಂಜಿವೈಟಿಸ್ ಬಂದವರೆಲ್ಲ ಹಲ್ಲು ಕಳೆದುಕೊಳ್ಳುತ್ತಾರೆಯೆ? ಇದನ್ನು ತಿಳಿಯಲು ಮೂರು ವಾರ ಸಾಲದು, ವರ್ಷಗಳು ಬೇಕು. ಲೋ ಅವರ ತಂಡ 1970ರಲ್ಲಿ ಶ್ರೀಲಂಕಾದ ಚಹಾ ತೋಟಗಳ 480 ಕಾರ್ಮಿಕರ ಬಾಯಿಯನ್ನು ಪರೀಕ್ಷಿಸಿ, ಹದಿನೈದು ವರ್ಷಗಳ ಕಾಲ ಆಗಾಗ ಹೋಗಿ ಅಳತೆ ತೆಗೆದುಕೊಂಡಿತು. ಆ ಕಾರ್ಮಿಕರಿಗೆ ಬ್ರಷ್ಷಿನ ಅಭ್ಯಾಸವಿರಲಿಲ್ಲ, ದಂತವೈದ್ಯರ ಸೌಲಭ್ಯವೂ ಇರಲಿಲ್ಲ. ಎಲ್ಲರ ಹಲ್ಲಿನ ಮೇಲೂ ಪಾಚಿ ಮತ್ತು ಕಿಟ್ಟ ಧಾರಾಳವಾಗಿತ್ತು. ಎಲ್ಲರ ವಸಡೂ ಉರಿಯೂತದಿಂದ ಕೂಡಿತ್ತು.

ಆದರೂ ಎಲ್ಲರ ಗತಿ ಒಂದೇ ಆಗಲಿಲ್ಲ. 1986ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಶೇಕಡ 8ರಷ್ಟು ಮಂದಿಯಲ್ಲಿ ರೋಗ ಬಹಳ ವೇಗವಾಗಿ ಮುಂದುವರಿಯಿತು. ಅವರ ಹಲ್ಲುಗಳು ಇಪ್ಪತ್ತರ ಹರೆಯದಲ್ಲೇ ಬೀಳತೊಡಗಿ, 45ರ ವೇಳೆಗೆ ಒಂದೂ ಉಳಿಯಲಿಲ್ಲ. ಶೇಕಡ 81ರಷ್ಟು ಮಂದಿಯಲ್ಲಿ ರೋಗ ನಿಧಾನವಾಗಿ ಸಾಗಿತು. ಅವರು 45ರ ವೇಳೆಗೆ ಸರಾಸರಿ ಏಳು ಹಲ್ಲು ಕಳೆದುಕೊಂಡರು. ಉಳಿದ ಶೇಕಡ 11ರಷ್ಟು ಮಂದಿಯಲ್ಲಿ ಉರಿಯೂತ ಅಷ್ಟಕ್ಕೇ ನಿಂತಿತು.

“ನಮ್ಮ ತಾತ ಒಂದು ದಿನವೂ ಹಲ್ಲುಜ್ಜಲಿಲ್ಲ, ಎಂಬತ್ತು ವರ್ಷಕ್ಕೂ ಚಕ್ಕುಲಿ ಕಡಿಯುತ್ತಿದ್ದರು” ಎನ್ನುವವರ ಮಾತಿಗೆ ಇಲ್ಲಿ ಉತ್ತರವಿದೆ. ತಾತ ಆ ಶೇಕಡ 11ರಲ್ಲಿ ಇದ್ದಿರಬಹುದು. ಮೊಮ್ಮಗ ಯಾವ ಗುಂಪಿಗೆ ಸೇರುತ್ತಾನೆಂದು ಹಲ್ಲು ಅಲ್ಲಾಡುವವರೆಗೆ ಅವನಿಗೆ ಗೊತ್ತಾಗುವುದಿಲ್ಲ. ಅನುವಂಶೀಯತೆ, ಹೊಗೆಸೊಪ್ಪು, ಸಕ್ಕರೆ ಕಾಯಿಲೆ, ಇವೆಲ್ಲ ಸೇರಿ ಒಬ್ಬೊಬ್ಬರ ಗತಿಯನ್ನು ನಿರ್ಧರಿಸುತ್ತವೆ. ಈ ಕಾರ್ಮಿಕರಲ್ಲಿ ಸಿಕ್ಕ 75 ಮಂದಿಯನ್ನು 2010ರಲ್ಲಿ, ಅಂದರೆ ನಲವತ್ತು ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಲಾಯಿತು. ಪಾಚಿ, ಕಿಟ್ಟ ಮತ್ತು ಉರಿಯೂತವನ್ನು ಹತೋಟಿಯಲ್ಲಿಡುವುದೇ ಮುಖ್ಯ, ಅದೂ ಚಿಕ್ಕ ವಯಸ್ಸಿನಲ್ಲೇ ಎಂಬುದನ್ನು ಆ ಅಧ್ಯಯನವೂ ಒತ್ತಿಹೇಳಿತು.

ತಪ್ಪು ಕಲ್ಲಿನದೆ?

ಹಾಗಾದರೆ ವಸಡನ್ನು ಕೆಡಿಸುವುದು ಈ ಕಲ್ಲೇ ಎನ್ನೋಣವೆ? ಹಿಂದೆ ಹಾಗೆಯೇ ನಂಬಿದ್ದರು. ಚೂಪಾದ ಕಲ್ಲು ವಸಡನ್ನು ಚುಚ್ಚಿ ಹುಣ್ಣು ಮಾಡುತ್ತದೆ ಎಂಬ ಲೆಕ್ಕ. 1960ರ ದಶಕದಲ್ಲಿ ಬ್ಯಾಕ್ಟೀರಿಯಾಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳ ಹಲ್ಲಿನ ಮೇಲೂ ಖನಿಜದ ಪೊರೆ ಕಟ್ಟುವುದು ಕಂಡುಬಂತು. ಅಂದರೆ ಕಲ್ಲು ಕಟ್ಟುವುದೂ ರೋಗ ಬರುವುದೂ ಎರಡು ಬೇರೆ ಬೇರೆ ಪ್ರಶ್ನೆಗಳು. 1973ರಲ್ಲಿ ಲಿಸ್ಟ್‌ಗಾರ್ಟನ್ ಮತ್ತು ಎಲ್ಲೆಗಾರ್ಡ್ ಎಂಬ ಸಂಶೋಧಕರು ಕೋತಿಗಳ ಹಲ್ಲಿನ ಕಿಟ್ಟವನ್ನು ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧದಿಂದ ಶುದ್ಧಗೊಳಿಸಿ ನೋಡಿದರು. ಆಗ ವಸಡಿನ ಕೋಶಗಳು ಆ ಕಿಟ್ಟಕ್ಕೇ ಅಂಟಿಕೊಂಡು ಬೆಳೆದವು.

ಆದ್ದರಿಂದ ಇಂದಿನ ತಿಳಿವಳಿಕೆ ಹೀಗಿದೆ: ಕಲ್ಲು ಕಳ್ಳನಲ್ಲ, ಕಳ್ಳರಿಗೆ ಮನೆ ಕೊಟ್ಟವನು. ಕಿಟ್ಟದ ಮೇಲ್ಮೈ ಒರಟು, ತೂತುತೂತು. ಅದರ ಮೇಲೆ ಜೀವಂತ ಪಾಚಿ ಸದಾ ಕೂತಿರುತ್ತದೆ. ಬ್ರಷ್ಷು ಅದನ್ನು ಪೂರ್ತಿ ತೆಗೆಯಲಾರದು. ಮನೆಯನ್ನು ಕೆಡವದೆ ಕಳ್ಳರನ್ನು ಓಡಿಸುವುದು ಸಾಧ್ಯವಿಲ್ಲ.

ಓಡಿಸದಿದ್ದರೆ ಮುಂದಿನ ಹಂತ ಪೆರಿಯೊಡಾಂಟೈಟಿಸ್. ಆರೋಗ್ಯವಾದ ಬಾಯಲ್ಲಿ ಹಲ್ಲಿಗೂ ವಸಡಿಗೂ ನಡುವೆ ಒಂದರಿಂದ ಮೂರು ಮಿಲಿಮೀಟರ್ ಆಳದ ಸಣ್ಣ ಸಂದಿ ಇರುತ್ತದೆ. ಉರಿಯೂತ ಒಳಕ್ಕೆ ಇಳಿದಂತೆ ಸಂದಿ ಆಳವಾಗಿ ಜೇಬಿನಂತಾಗುತ್ತದೆ. ಅಲ್ಲಿ ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಮನೆಮಾಡುತ್ತವೆ. ಅವುಗಳೊಡನೆ ಹೋರಾಡಲು ನಮ್ಮ ದೇಹ ಕಳಿಸಿದ ರಕ್ಷಣಾ ಕೋಶಗಳ ರಾಸಾಯನಿಕಗಳೇ ಹಲ್ಲನ್ನು ಹಿಡಿದಿಟ್ಟ ನಾರುಗಳನ್ನೂ ದವಡೆ ಮೂಳೆಯನ್ನೂ ಸವೆಸುತ್ತವೆ. ಹೀಗೆ ಹೋದ ಮೂಳೆ ತಾನಾಗಿ ಹಿಂದಿರುಗುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೆಳಗಿನ ಬಾಚಿಹಲ್ಲುಗಳ ಸುತ್ತಲಿನ ಮೂಳೆ ಅರ್ಧ ಸವೆದಿದೆ, ಆದರೆ ಹಲ್ಲುಗಳ ನಡುವೆ ಕಿಟ್ಟ ಗಾರೆಯಂತೆ ತುಂಬಿಕೊಂಡು ಅವನ್ನು ಒಂದಕ್ಕೊಂದು ಬಂಧಿಸಿದೆ ಎಂದಿಟ್ಟುಕೊಳ್ಳಿ. ಆ ವ್ಯಕ್ತಿಗೆ ಹಲ್ಲು ಗಟ್ಟಿಯಾಗಿದೆ ಅನ್ನಿಸುತ್ತದೆ. ವೈದ್ಯರು ಕಿಟ್ಟ ತೆಗೆದೊಡನೆ ಹಲ್ಲಿನ ನಡುವೆ ಸಂದು ಕಾಣುತ್ತದೆ, ಹಲ್ಲು ಅಲ್ಲಾಡುತ್ತದೆ, ಬೇರಿನ ಭಾಗ ತೆರೆದುಕೊಂಡು ತಣ್ಣೀರು ತಾಕಿದರೆ ಜುಮ್ಮೆನ್ನುತ್ತದೆ. ಹಲ್ಲನ್ನು ಸಡಿಲಗೊಳಿಸಿದ್ದು ವರ್ಷಗಳ ಕಾಲ ನಡೆದ ರೋಗ. ಚಿಕಿತ್ಸೆ ಅದನ್ನು ಬಯಲಿಗೆ ತಂದಿತಷ್ಟೆ. ಜುಮ್ಮೆನ್ನುವುದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ. ಊತ ಇಳಿದ ವಸಡು ಹಲ್ಲನ್ನು ಮತ್ತೆ ಬಿಗಿಯಾಗಿ ಹಿಡಿಯುವುದೂ ಉಂಟು. ಕಿಟ್ಟ ತೆಗೆಯುವ ಯಂತ್ರದ ತುದಿ ಸೆಕೆಂಡಿಗೆ 25 ಸಾವಿರಕ್ಕಿಂತ ಹೆಚ್ಚು ಬಾರಿ ಕಂಪಿಸಿ ಕಲ್ಲನ್ನು ಸಿಡಿಸುತ್ತದೆ. ಎನಾಮಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಪಳಗಿದ ಕೈಯಲ್ಲಿ ಅದಕ್ಕೆ ಹಾನಿಯಿಲ್ಲ.

ಸಡಿಲವಾಗುವ ಭಯದಿಂದ ಚಿಕಿತ್ಸೆಯನ್ನು ಮುಂದೂಡಿದರೆ ಉಳಿದ ಮೂಳೆಯೂ ಸವೆಯುತ್ತದೆ. ಈ ತಪ್ಪು ನಂಬಿಕೆಗೆ ತೆರುವ ಬೆಲೆ ಅಷ್ಟು ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಮಂದಿಗೆ ತೀವ್ರ ಸ್ವರೂಪದ ವಸಡಿನ ರೋಗವಿದೆ.

ಸಾವಿರ ವರ್ಷ ಉಳಿದ ನೀಲಿ ಚುಕ್ಕೆ

ಇದುವರೆಗೆ ಕಿಟ್ಟದ ಕೆಡುಕನ್ನು ನೋಡಿದೆವು. ಇತಿಹಾಸ ಸಂಶೋಧಕರಿಗೆ ಇದೇ ಕಿಟ್ಟ ಒಂದು ನಿಧಿ. ಬದುಕಿರುವಾಗಲೇ ದೇಹದ ಮೇಲೆ ಕಲ್ಲಾಗುವ ವಸ್ತು ಇದು. ಆ ದಿನಗಳ ಬ್ಯಾಕ್ಟೀರಿಯಾ, ಆಹಾರದ ಕಣ, ಉಸಿರಿನೊಡನೆ ಬಂದ ಧೂಳು ಎಲ್ಲವೂ ಅದರೊಳಗೆ ಮುದ್ರೆಯಾಗಿ ಸಾವಿರಾರು ವರ್ಷ ಉಳಿಯುತ್ತವೆ. ಹಿಂದೆ ಉತ್ಖನನದಲ್ಲಿ ಸಿಕ್ಕ ಹಲ್ಲುಗಳನ್ನು ಚೊಕ್ಕಟ ಮಾಡುವಾಗ ಇದನ್ನು ಕೆರೆದು ಎಸೆಯುವುದೂ ಇತ್ತು. ಈಗ ಹಾಗೆ ಮಾಡುವುದಿಲ್ಲ.

ಜರ್ಮನಿಯ ಡಾಲ್‌ಹೈಮ್‌ನಲ್ಲಿ ಮಧ್ಯಯುಗದ ಕ್ರೈಸ್ತ ಸನ್ಯಾಸಿನಿಯರ ಒಂದು ಮಠವಿತ್ತು. ಅಲ್ಲಿನ ಸ್ಮಶಾನದಲ್ಲಿ ದೊರೆತ, 45ರಿಂದ 60 ವರ್ಷ ವಯಸ್ಸಿನ ಮಹಿಳೆಯೊಬ್ಬಳ ಹಲ್ಲಿನ ಕಿಟ್ಟವನ್ನು ಸಂಶೋಧಕರು ದುರ್ಬಲ ಆಮ್ಲದಲ್ಲಿ ಕರಗಿಸಿದಾಗ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಗಾಢ ನೀಲಿ ಬಣ್ಣದ ಕಣಗಳು. ಒಂದೆರಡಲ್ಲ, ನೂರಕ್ಕೂ ಹೆಚ್ಚು. ಅನಿಟಾ ರಡೀನಿ, ಕ್ರಿಸ್ಟಿನಾ ವಾರಿನರ್ ಮತ್ತು ಸಂಗಡಿಗರು 2019ರಲ್ಲಿ ಅದರ ಗುರುತು ಹೇಳಿದರು. ಅದು ಲಾಜವರ್ದ ಕಲ್ಲಿನ ಪುಡಿ. ಅಂದಿನ ಯೂರೋಪಿಗೆ ಅದು ಬರುತ್ತಿದ್ದುದು ಅಫ್ಘಾನಿಸ್ತಾನದಿಂದ. ಬೆಲೆಯಲ್ಲಿ ಚಿನ್ನಕ್ಕೆ ಸಮನಾದ ಆ ಬಣ್ಣವನ್ನು ಅತ್ಯುತ್ತಮ ಹಸ್ತಪ್ರತಿಗಳ ಅಲಂಕಾರಕ್ಕೆ ಮಾತ್ರ ಬಳಸುತ್ತಿದ್ದರು.

ಅದು ಆಕೆಯ ಬಾಯಿಗೆ ಹೇಗೆ ಬಂತು? ಬಣ್ಣ ಅರೆಯುವಾಗ ಧೂಳು ಹಾರಿರಬಹುದು. ಹೆಚ್ಚು ಸಂಭವನೀಯ ವಿವರಣೆಯೆಂದರೆ, ಆಕೆ ಚಿತ್ರಕಾರಳಾಗಿದ್ದು ಕುಂಚದ ತುದಿಯನ್ನು ಚೂಪು ಮಾಡಲು ಆಗಾಗ ತುಟಿಗಿಟ್ಟು ಒದ್ದೆ ಮಾಡುತ್ತಿದ್ದಳು. ಅಂದಿನ ಹಸ್ತಪ್ರತಿಗಳನ್ನು ಬರೆದು ಚಿತ್ರಿಸಿದವರು ಹೆಚ್ಚಾಗಿ ಗಂಡಸರೇ ಎಂದು ಇತಿಹಾಸಕಾರರು ತಿಳಿದಿದ್ದರು. ಆ ಮಠದ ಪುಸ್ತಕಗಳು ಒಂದೂ ಉಳಿದಿಲ್ಲ, ಆಕೆಯ ಹೆಸರೂ ಉಳಿದಿಲ್ಲ. ಕೆಲಸದ ಗುರುತು ಮಾತ್ರ ಹಲ್ಲಿನಲ್ಲಿ ಉಳಿಯಿತು.

ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಾದ ಇನ್ನೊಂದು ಅಂಶ ಇಲ್ಲಿದೆ. ಆ ನೀಲಿ ಕಣಗಳ ಗುರುತು ಹಿಡಿಯಲು ಬಳಸಿದ ವಿಧಾನಗಳಲ್ಲಿ ಒಂದು ರಾಮನ್ ರೋಹಿತ ವಿಧಾನ. 1928ರಲ್ಲಿ ಕಲ್ಕತ್ತೆಯಲ್ಲಿ ತಾವು ಪತ್ತೆಹಚ್ಚಿದ ಪರಿಣಾಮಕ್ಕಾಗಿ 1930ರಲ್ಲಿ ನೊಬೆಲ್ ಪಡೆದ ಸಿ.ವಿ. ರಾಮನ್ 1933ರಿಂದ ಬೆಂಗಳೂರಿನಲ್ಲಿ ನೆಲೆಸಿದವರು. ಪ್ರತಿಯೊಂದು ವಸ್ತುವೂ ತನ್ನ ಮೇಲೆ ಬಿದ್ದ ಬೆಳಕನ್ನು ತನ್ನದೇ ಆದ ರೀತಿಯಲ್ಲಿ ಚದುರಿಸುತ್ತದೆ. ಅದನ್ನು ಅಳೆದು, ಕಣವನ್ನು ಹಾಳುಮಾಡದೆ, ಇದು ಇಂಥದೇ ಖನಿಜ ಎಂದು ಹೇಳಬಹುದು.

ಅದೇ ಡಾಲ್‌ಹೈಮ್‌ನ ಬೇರೆ ಅಸ್ಥಿಪಂಜರಗಳ ಕಿಟ್ಟದಿಂದ ವಾರಿನರ್ ಅವರ ತಂಡ 2014ರಲ್ಲಿ ಡಿ.ಎನ್.ಎ. ಮತ್ತು ಪ್ರೋಟೀನುಗಳನ್ನು ಬೇರ್ಪಡಿಸಿತ್ತು. ಇಂದು ವಸಡಿನ ರೋಗದ ಜೇಬುಗಳಲ್ಲಿ ಸಿಗುವ ಪಾರ್ಫಿರೊಮೊನಾಸ್ ಜಿಂಜಿವಾಲಿಸ್, ಟ್ರೆಪೊನೆಮಾ ಡೆಂಟಿಕೋಲಾ, ಟ್ಯಾನೆರೆಲ್ಲಾ ಫೋರ್ಸಿಥಿಯಾ ಎಂಬ ಮೂರೂ ಬ್ಯಾಕ್ಟೀರಿಯಾಗಳು ಅಲ್ಲಿದ್ದವು. ವಸಡಿನ ರೋಗ ಇಂದಿನ ಕಾಯಿಲೆಯಲ್ಲ. ಆದರೆ ಹುಳುಕಿನ ಕಥೆ ಬೇರೆ. 2013ರಲ್ಲಿ ಅಡಿಲೇಡ್ ವಿಶ್ವವಿದ್ಯಾಲಯದ ಸಂಶೋಧಕರು ಯೂರೋಪಿನ 34 ಪ್ರಾಚೀನ ಅಸ್ಥಿಪಂಜರಗಳ ಕಿಟ್ಟವನ್ನು ಹೋಲಿಸಿದರು. ಬೇಟೆಯ ಬದುಕಿನಿಂದ ಬೇಸಾಯಕ್ಕೆ ಬಂದಾಗ ಬಾಯಿಯ ಬ್ಯಾಕ್ಟೀರಿಯಾ ಒಮ್ಮೆ ಬದಲಾಯಿತು. ಕೈಗಾರಿಕಾ ಕ್ರಾಂತಿಯ ಬಳಿಕ, ನಯವಾದ ಹಿಟ್ಟು ಮತ್ತು ಸಕ್ಕರೆ ಎಲ್ಲರ ಕೈಗೆಟುಕಿದಾಗ, ಇನ್ನೊಮ್ಮೆ ಬದಲಾಗಿ ಹುಳುಕು ತರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮೇಲುಗೈ ಪಡೆಯಿತು.

ಅಡುಗೆಯ ಇತಿಹಾಸಕ್ಕೂ ಹಲ್ಲುಗಳು ಸಾಕ್ಷಿ. ಹರಿಯಾಣದ ಫರ್ಮಾನಾ ಎಂಬ ಹರಪ್ಪಾ ಕಾಲದ ನೆಲೆಯಲ್ಲಿ ಮಡಕೆಗಳಿಂದಲೂ ಮನುಷ್ಯರ ಹಲ್ಲುಗಳಿಂದಲೂ ಅರಿಶಿನ ಮತ್ತು ಶುಂಠಿಯ ಪಿಷ್ಟದ ಕಣಗಳನ್ನು 2010ರಲ್ಲಿ ಗುರುತಿಸಲಾಯಿತು. ಇಂದಿನ ಇಸ್ರೇಲಿನ ಮೆಗಿಡ್ಡೊದಲ್ಲಿ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಬದುಕಿದ್ದವರ ಕಿಟ್ಟದಲ್ಲೂ ಅರಿಶಿನದ ಕುರುಹು ಸಿಕ್ಕಿದ್ದು 2021ರಲ್ಲಿ ವರದಿಯಾಯಿತು. ನಮ್ಮ ಉಪಖಂಡದ ಕಡೆಯ ಪದಾರ್ಥಗಳು ಅಷ್ಟು ಹಿಂದೆಯೇ ಅಷ್ಟು ದೂರ ಹೋಗಿದ್ದವು ಎನ್ನಲು ಇದೊಂದು ಆಧಾರ. ಸ್ಪೇನ್ ಮತ್ತು ಬೆಲ್ಜಿಯಂನ ಗುಹೆಗಳಲ್ಲಿ ದೊರೆತ ನಿಯಾಂಡರ್ತಾಲ್ ಮಾನವರ ಕಿಟ್ಟದ ಡಿ.ಎನ್.ಎ.ಯನ್ನೂ 2017ರಲ್ಲಿ ಓದಲಾಗಿದೆ. ಬೆಲ್ಜಿಯಂನವರದರಲ್ಲಿ ಘೇಂಡಾಮೃಗದ ಮಾಂಸದ ಸುಳಿವು, ಸ್ಪೇನಿನವರದರಲ್ಲಿ ಅಣಬೆ ಮತ್ತು ಪೈನ್ ಬೀಜದ ಸುಳಿವು. ಇಷ್ಟು ಹಳೆಯ ಡಿ.ಎನ್.ಎ. ತುಣುಕುಗಳಲ್ಲಿ ಹೊರಗಿನದು ಬೆರೆಯುವ ಅಪಾಯವಿರುವುದರಿಂದ ಇಂಥ ತೀರ್ಮಾನಗಳನ್ನು ವಿಜ್ಞಾನಿಗಳು ಎಚ್ಚರದಿಂದಲೇ ಒಪ್ಪುತ್ತಾರೆ.

ನಾವು ಮಾಡಬೇಕಾದದ್ದು

ದಿನಕ್ಕೆ ಎರಡು ಬಾರಿ, ಮುಖ್ಯವಾಗಿ ರಾತ್ರಿ ಮಲಗುವ ಮುನ್ನ, ಮೆದು ಬ್ರಷ್ಷಿನಿಂದ ಎರಡು ನಿಮಿಷ ಹಲ್ಲುಜ್ಜಬೇಕು. ಹಲ್ಲು ಮತ್ತು ವಸಡು ಸೇರುವ ಗೆರೆಗೆ, ಕೆಳಹಲ್ಲುಗಳ ಒಳಬದಿಗೆ ವಿಶೇಷ ಗಮನ ಬೇಕು. ಬೇವಿನ ಕಡ್ಡಿಯ ತುದಿಯನ್ನು ಚೆನ್ನಾಗಿ ಜಗಿದು ನಾರಾಗಿಸಿ ನಿಧಾನವಾಗಿ ಉಜ್ಜಿದರೆ ಅದೂ ಪಾಚಿ ತೆಗೆಯುತ್ತದೆ. ಇದ್ದಿಲು, ಇಟ್ಟಿಗೆ ಪುಡಿ, ಮರಳು ಬೇಡ. ಅವು ಹಲ್ಲನ್ನೇ ಸವೆಸುತ್ತವೆ. ಕಿಟ್ಟ ತಡೆಯುವ ಪೇಸ್ಟುಗಳಲ್ಲಿ ಪೈರೊಫಾಸ್ಫೇಟ್‌ನಂಥ ವಸ್ತುಗಳಿರುತ್ತವೆ. ಅವು ಹೊಸ ಹರಳು ಬೆಳೆಯುವುದನ್ನು ತಗ್ಗಿಸುತ್ತವೆಯೇ ಹೊರತು ಈಗಾಗಲೇ ಕಟ್ಟಿದ ಕಲ್ಲನ್ನು ಕರಗಿಸುವುದಿಲ್ಲ. ಅದನ್ನು ದಂತವೈದ್ಯರೇ ತೆಗೆಯಬೇಕು.

ಹಲ್ಲುಜ್ಜುವಾಗ ರಕ್ತ ಬಂದರೆ ಅನೇಕರು ಆ ಜಾಗವನ್ನು ಮುಟ್ಟುವುದನ್ನೇ ಬಿಡುತ್ತಾರೆ. ಪಾಚಿ ಹೆಚ್ಚಿ ರಕ್ತವೂ ಹೆಚ್ಚುತ್ತದೆ. ಮಾಡಬೇಕಾದದ್ದು ಇದಕ್ಕೆ ವಿರುದ್ಧ: ಅಲ್ಲೇ ಮೃದುವಾಗಿ, ಚೆನ್ನಾಗಿ ಉಜ್ಜಬೇಕು. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ವಸಡಿನ ರಕ್ತನಾಳಗಳು ಸಂಕುಚಿಸಿ ರಕ್ತ ಬರುವುದೇ ಕಡಿಮೆಯಾಗುತ್ತದೆ. ರೋಗ ಒಳಗೇ ಬೆಳೆಯುತ್ತದೆ, ಎಚ್ಚರಿಕೆ ಕಾಣಿಸುವುದಿಲ್ಲ. ಸಕ್ಕರೆ ಕಾಯಿಲೆ ಇರುವ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಇದನ್ನು ತಪ್ಪದೆ ಹೇಳಿ: ಸಕ್ಕರೆ ಹತೋಟಿ ತಪ್ಪಿದರೆ ವಸಡು ಕೆಡುತ್ತದೆ, ವಸಡಿಗೆ ಚಿಕಿತ್ಸೆ ಕೊಟ್ಟಾಗ ರಕ್ತದ ಸಕ್ಕರೆಯೂ ಒಂದಿಷ್ಟು ಇಳಿಯುವುದು ಅಧ್ಯಯನಗಳಲ್ಲಿ ಕಂಡಿದೆ. ಹೃದಯದ ಕಾಯಿಲೆ ಮತ್ತು ವಸಡಿನ ರೋಗ ಒಟ್ಟಿಗೆ ಕಾಣಿಸಿಕೊಳ್ಳುವುದು ಹೆಚ್ಚು, ಆದರೆ ಒಂದು ಇನ್ನೊಂದಕ್ಕೆ ಕಾರಣ ಎಂಬುದು ಸಾಬೀತಾಗಿಲ್ಲ.

ಮನೆಯಲ್ಲಿ ಮಾಡಿ ನೋಡಿ

ಅಡುಗೆಗೆ ಬಳಸುವ ಕೆಂಪು ಬಣ್ಣದ ಒಂದೆರಡು ಹನಿಯನ್ನು ಸ್ವಲ್ಪ ನೀರಿನಲ್ಲಿ ಬೆರೆಸಿ. ಹಲ್ಲುಜ್ಜಿದ ನಂತರ ಹತ್ತಿಯಿಂದ ಹಲ್ಲುಗಳಿಗೆಲ್ಲ ಹಚ್ಚಿ, ಒಮ್ಮೆ ನೀರು ಮುಕ್ಕಳಿಸಿ ಉಗಿಯಿರಿ. ಕನ್ನಡಿಯಲ್ಲಿ ನೋಡಿ. ಬಣ್ಣ ಉಳಿದ ಕಡೆ ಪಾಚಿ ಉಳಿದಿದೆ ಎಂದರ್ಥ. ಹಲ್ಲುಗಳ ಚಿತ್ರ ಬರೆದು ಆ ಜಾಗಗಳನ್ನು ಗುರುತು ಮಾಡಿ. ಒಂದು ವಾರ ಆ ಜಾಗಗಳಿಗೆ ಗಮನ ಕೊಟ್ಟು ಉಜ್ಜಿ, ಮತ್ತೆ ಪರೀಕ್ಷಿಸಿ ಎರಡು ಚಿತ್ರಗಳನ್ನು ಹೋಲಿಸಿ.

ತರಗತಿಯಲ್ಲಿ ಚರ್ಚಿಸಿ

1. 1965ರ ಪ್ರಯೋಗದಲ್ಲಿ ಹನ್ನೆರಡೇ ಮಂದಿ ಇದ್ದರು. ಆದರೂ ಅದರ ತೀರ್ಮಾನವನ್ನು ಎಲ್ಲರೂ ಒಪ್ಪಿದ್ದೇಕೆ?

2. ಚಿಕಿತ್ಸೆಯ ಸೌಲಭ್ಯವಿಲ್ಲದ ಜನರ ರೋಗವನ್ನು ವರ್ಷಗಟ್ಟಲೆ ಅಳೆಯುವ ಅಧ್ಯಯನವನ್ನು ಇಂದು ನಡೆಸುವುದು ಸರಿಯೆ? ನಡೆಸುವುದಾದರೆ ಯಾವ ಷರತ್ತುಗಳಿರಬೇಕು?

3. ಜೊಲ್ಲಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಕಿಟ್ಟ ಕಟ್ಟುತ್ತದೆ, ಕಡಿಮೆಯಾದರೆ ಹುಳುಕಿನ ಭಯ. ದೇಹದ ಬೇರಾವ ವ್ಯವಸ್ಥೆಗಳಲ್ಲಿ ಇಂಥ ಎರಡು ಅಂಚಿನ ಸಮತೋಲವಿದೆ?

4. ಇನ್ನು ಸಾವಿರ ವರ್ಷಗಳ ಬಳಿಕ ಯಾರಾದರೂ ನಿಮ್ಮ ಹಲ್ಲಿನ ಕಿಟ್ಟವನ್ನು ಪರೀಕ್ಷಿಸಿದರೆ ನಿಮ್ಮ ಊರಿನ ಆಹಾರ, ಗಾಳಿ ಮತ್ತು ಕಸುಬುಗಳ ಬಗ್ಗೆ ಏನೇನು ತಿಳಿಯಬಹುದು?